ಹನ್ನಾಬಾಯಿ ಮತ್ತು ನಿಂತ ಗಾಣ

ಶುಕ್ರವಾರ ಹೊತ್ತು ಮುಳುಗಿತೆಂದರೆ ಹನ್ನಾಬಾಯಿಯವರ ಕೈ ನಿಂತುಬಿಡುತ್ತಿತ್ತು. ಅಂಥ ಕೈ ಒಂದು ದಿನ ಸುಮ್ಮನಿರುತ್ತದೆಂದರೆ ನೋಡದವರು ನಂಬಲಿಕ್ಕಿಲ್ಲ. ರಾಣೇಬೆನ್ನೂರಿನ ದವಾಖಾನೆಯಲ್ಲಿ ನರ್ಸ್ ಆಗಿದ್ದ ಬಾಯಾರು ಮಾತಾಡುವಾಗಲೂ ಏನಾದರೊಂದು ಮಡಚುತ್ತ, ಒರೆಸುತ್ತ ಇರುವವರು. ಬ್ಯಾಡಗಿಗೆ, ನಮ್ಮ ಮನೆಗೆ ಬಂದರೆ ಚಹಾಕ್ಕಿಂತ ಮೊದಲು ಶೇಂಗಾ ಬುಟ್ಟಿ ಎಳೆದುಕೊಂಡು ಸುಲಿಯಲು ಕೂಡುವರು. ಆದರೆ ಶುಕ್ರವಾರ ಸಂಜೆ ದೀಪ ಹಚ್ಚಿದರೆ ಮುಗಿಯಿತು, ಶನಿವಾರ ಚಿಕ್ಕೆ ಮೂಡುವವರೆಗೆ ಒಲೆ ಹೊತ್ತಿಸರು, ಸೂಜಿ ಮುಟ್ಟರು. ಎರಡೂ ಕೈಗಳನ್ನು ಕೂಸು ಮಲಗಿಸಿದ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿರುವರು.

ಹೆರಿಗೆ ಬಂದರೆ ಮಾತ್ರ ಏಳುವರು. ನನ್ನ ಮಗ ಹುಟ್ಟಿದ್ದು ಶನಿವಾರವೇ. ನಾನು ಬದುಕುವ ಆಸೆ ಬಿಟ್ಟಿದ್ದೆ. "ಜೀವ ಬರೂದಕ್ಕ ವಾರ ಇಲ್ಲ, ಗಂಗವ್ವ. ಒದರಬ್ಯಾಡ, ಜೋರ್ ಮಾಡು" ಎಂದು ಬೈಯುತ್ತಲೇ ನಮ್ಮಿಬ್ಬರನ್ನೂ ಉಳಿಸಿಕೊಂಡರು.

ಅವರು ಯೆಹೂದಿ ಜನ. ಹಿರಿಯರು ಕೊಂಕಣದ ಸಮುದ್ರದಂಡೆಯವರು. ಗಂಡನ ರೈಲ್ವೆ ನೌಕರಿಯ ಹಿಂದೆ ರಾಣೇಬೆನ್ನೂರಿಗೆ ಬಂದವರು ಇಲ್ಲಿಯವರೇ ಆಗಿಹೋದರು. ಅವರ ಪೈಕಿ ಇನ್ನೊಂದು ಮನೆ ಹಾವೇರಿಯಲ್ಲಿ, ಮತ್ತೊಂದು ಕುಮಾರಪಟ್ಟಣದಲ್ಲಿ. ಅಷ್ಟೇ. ಹಬ್ಬಕ್ಕೆ ಎಲ್ಲರೂ ಕೂಡಿದರೂ ಒಂದು ಜಮಖಾನೆ ಸಾಕಾಗುತ್ತಿತ್ತು.

ನಾವು ಗಾಣಿಗರು. ಎತ್ತಿನ ಗಾಣ ನಮ್ಮ ಹಿತ್ತಲಲ್ಲಿ ಇನ್ನೂ ತಿರುಗುತ್ತದೆ. ಬಾಯಾರು ಮೊದಲ ಸಲ ಎಣ್ಣೆಗೆಂದು ಬಂದದ್ದು ಒಂದು ಸೋಮವಾರ. ಗಾಣ ನಿಂತಿತ್ತು.

"ಯಾಕ ಅಣ್ಣಾರ, ಎತ್ತಿಗೆ ಆರಾಮಿಲ್ಲೇನು?" ಎಂದು ಕೇಳಿದರು.

"ಎತ್ತು ಅಂದ್ರ ಬಸವಣ್ಣರಿ. ಸೋಮವಾರ ಅದರ ಹೆಗಲಿಗೆ ನೊಗ ಇಡೂದಿಲ್ಲ" ಅಂದರು ನಮ್ಮ ಮನೆಯವರು.

ಬಾಯಾರು ಎಣ್ಣೆಯ ಡಬ್ಬಿ ಕೆಳಗಿಟ್ಟು ಅಲ್ಲೇ ಕುಳಿತರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ನಮ್ಮ ಹಿರೇರದೂ ಇದ ಕಸಬು ನೋಡ್ರಿ. ಶನಿವಾರ ಗಾಣ ನಿಲ್ಲಸ್ತಿದ್ರು ಅಂತ ಕೊಂಕಣದ ಮಂದಿ ಶನಿವಾರದ ಗಾಣಿಗರು ಅಂತ ಹೆಸರಿಟ್ಟಿದ್ರು. ಹೆಸರು ಹೊತ್ಕೊಂಡು ಇಷ್ಟು ದಿನ ತಿರಗೇನಿ, ಗಾಣ ನೋಡಿದ್ದು ಇವತ್ತ!"

ಅಂದಿನಿಂದ ಅವರದೊಂದು ಮಾತು. "ನೀವು ಸೋಮವಾರದವರು, ನಾವು ಶನಿವಾರದವರು. ಕಸಬು ಒಂದ, ಸೂಟಿ ಬ್ಯಾರೆ."

ವಯಸ್ಸಾದಂತೆ ಅವರಿಗೊಂದು ಚಿಂತೆ ಹತ್ತಿತು. ಮೂರೂ ಮನೆಗಳ ಮಕ್ಕಳಿಗೆ ತಾವು ಯಾರೆಂಬುದೇ ತಿಳಿಯದಾಗಿತ್ತು. ಮೊಮ್ಮಗಳು ಲಿಯಾ ಶಾಲೆಯಲ್ಲಿ ಯಾರಾದರೂ ಕೇಳಿದರೆ, ಹೇಳಲು ಬಾರದೆ, "ನಾವು ಮುಂಬೈಯವರು" ಅಂದುಬಿಡುತ್ತಿದ್ದಳಂತೆ. "ನನ್ನ ಹಿಂದ ಇದು ಮುಗದುಹೋಗತೈತಿ ಗಂಗವ್ವ" ಅನ್ನುವಾಗ ಬಾಯಾರ ದನಿಯೇ ಇಳಿದುಹೋಗುತ್ತಿತ್ತು.

ಮುಂಬೈಯಲ್ಲಿ ಅವರ ಸಮಾಜದ್ದೊಂದು ನಿಧಿ ಇದೆ. ಗೋಡೆಗೆ ಸುಣ್ಣ ಹಚ್ಚುತ್ತೇವೆಂದರೆ ಅದು ರೊಕ್ಕ ಕೊಡುವುದಿಲ್ಲ. ನಿಮ್ಮೂರಿನ ನಮ್ಮವರಿಗಾಗಿ ಯಾರೂ ಮಾಡದ ಹೊಸದೇನಾದರೂ ಮಾಡುತ್ತೀರಾ, ಹಾಗಾದರೆ ಕೊಡುತ್ತೇವೆ ಎನ್ನುತ್ತದೆ. ಬಾಯಾರು ಹೊಸದೊಂದನ್ನು ಹುಡುಕಿದರು. ಎರಡು ವಾರಕ್ಕೊಮ್ಮೆ ರವಿವಾರ ಮೂರೂ ಊರಿನ ಮಕ್ಕಳನ್ನು ಗಾಡಿ ಮಾಡಿ ನಮ್ಮ ಗಾಣಕ್ಕೆ ಕರೆತರುವುದು, ತಮ್ಮ ದೀಪದ ಎಣ್ಣೆಯನ್ನು ಅವರೇ ತೆಗೆಯುವುದು, ಗಾಣದ ಕಟ್ಟೆಯ ಮೇಲೆ ಕೂಡಿಸಿ ಪ್ರಾರ್ಥನೆ, ಹಾಡು, ಹಿರಿಯರ ಕತೆ ಕಲಿಸುವುದು.

"ಗಾಣ ಹೊಸದೇನ್ರಿ ಬಾಯಾರ? ನಮ್ಮ ಮುತ್ತ್ಯಾನ ಕಾಲದ್ದು ಇದು" ಎಂದು ನಮ್ಮ ಮನೆಯವರು ನಕ್ಕರು.

"ಮುಂಬೈಯವರಿಗೆ ಹಳೇದೆಲ್ಲಾ ಹೊಸದ ಅಣ್ಣಾರ. ನೀವು ಎತ್ತಿನ ಮೈ ತೊಳದು ಇಡ್ರಿ ಸಾಕು."

ನಿಧಿಯವರು ಗಾಣ ನೋಡಿಯೇ ನಿರ್ಧರಿಸುತ್ತೇವೆ ಎಂದರು. ದಿನ ಗೊತ್ತು ಮಾಡಿದವರು ಬಾಯಾರೇ. ಶನಿವಾರ ಹೊರಡುವಂತಿಲ್ಲ, ರವಿವಾರವೆಲ್ಲ ಪ್ರಯಾಣ, ಹಾಗಾಗಿ ಸೋಮವಾರ ಮುಂಜಾನೆ ಬರ್ರಿ ಎಂದರು. ತಮ್ಮ ವಾರವನ್ನು ಕಾಯುವ ಭರದಲ್ಲಿ ನಮ್ಮ ವಾರ ಮರೆತರು. ನಾವಾದರೂ ನೆನಪಿಟ್ಟೆವೇ? ಬಾಯಾರ ಕೆಲಸವೆಂಬ ಸಡಗರದಲ್ಲಿ ಹೂಂ ಹೂಂ ಅಂದೆವು. ಸೋಮವಾರ ಮುಂಜಾನೆ ಬಾಯಾರು ಹಿತ್ತಲಿಗೆ ಕಾಲಿಟ್ಟರು. ಎತ್ತು ಹಣೆಗೆ ವಿಭೂತಿ ಇಟ್ಟುಕೊಂಡು ಮೆಲುಕು ಹಾಕುತ್ತ ಮಲಗಿತ್ತು. ನಮ್ಮ ಸೋಮವಾರ ಅವರಿಗೆ ಆಗ ನೆನಪಾಯಿತು.

ಅಷ್ಟರಲ್ಲಿ ಮುಂಬೈಯವರ ಕಾರು ಬಂತು. ಒಬ್ಬರು ಮುದುಕರು, ಒಬ್ಬಳು ಹರೆಯದ ಹೆಣ್ಣುಮಗಳು. ಮೆಣಸಿನಕಾಯಿ ಮಾರ್ಕೆಟಿನ ಘಾಟಿಗೆ ಇಬ್ಬರೂ ಒಂದೇ ಸವನೆ ಸೀನುತ್ತಿದ್ದರು. ಬಾಯಾರು ಮರಾಠಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸಂಜೆಗೇ ಅವರಿಗೆ ವಾಪಸ್ ರೈಲು. ಆ ಹುಡುಗಿ ನಮ್ಮ ಕಡೆ ತಿರುಗಿ ಹಿಂದಿಯಲ್ಲಿ, "ಒಂದೇ ಒಂದು ಸುತ್ತು ಸಾಕು, ಫೋಟೋ ಇಲ್ಲದಿದ್ದರೆ ಅಲ್ಲಿ ಯಾರೂ ಒಪ್ಪುವುದಿಲ್ಲ" ಅಂದಳು.

ನಮ್ಮ ಮನೆಯವರು ನೊಗ ಎತ್ತಿಕೊಂಡರು. ಬಾಯಾರು ಎತ್ತಿಗೆ ಅಡ್ಡ ನಿಂತರು.

"ಕೆಳಗಿಡ್ರಿ ಅಣ್ಣಾರ."

"ಅಲ್ರಿ ಬಾಯಾರ, ನೀವು ಶನಿವಾರ ಎದ್ದು ನನ್ನ ಮಗನ್ನ ಉಳಿಸೀರಿ. ನಾ ಒಂದು ಸೋಮವಾರ ಎತ್ತು ಹೂಡಿದ್ರ ಶಿವ ಏನು ಸಿಟ್ಟಾಗ್ತಾನು?"

"ಅದು ಜೀವ, ಇದು ರೊಕ್ಕ. ಎರಡೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ. ನಮ್ಮ ಹುಡುಗುರಿಗೆ ತಮ್ಮ ದಿನ ಪಾಲಸೂದು ಕಲಸಾಕಂತ ಈ ರೊಕ್ಕ ಕೇಳಾಕತ್ತೇನಿ. ನಿಮ್ಮ ದಿನ ಮುರದು ಅದನ್ನ ಕಲಸಲೇನು?"

ಅವರಿಗೆ ಈ ಸಹಾಯ ಎಷ್ಟು ಬೇಕಾಗಿತ್ತೆಂದು ನನಗೆ ಗೊತ್ತು. ನಮ್ಮ ಮನೆಯವರು ನೊಗ ಇಳಿಸಿ ಗೋಡೆಗೆ ಮುಖ ಮಾಡಿ ನಿಂತರು.

ಆ ಮುದುಕರು ಎದ್ದು ಗಾಣದ ಸುತ್ತ ತಾವೇ ಒಂದು ಸುತ್ತು ಬಂದರು. ಎತ್ತಿನ ಬೆನ್ನ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಏನೋ ಅಂದರು. ಬಾಯಾರು ನಮಗೆ ಕನ್ನಡದಲ್ಲಿ ಹೇಳಿದರು: "ತಿರಗೂ ಗಾಣ ಬೇಕಾದಷ್ಟು ನೋಡ್ಯಾರಂತ. ನಮಗ ಹೆಸರು ಬಂದದ್ದು ನಿಂತ ಗಾಣದಿಂದ, ಅದನ್ನ ನೋಡಿದ್ದು ಇವತ್ತ ಅಂತಾರ. ಆದ್ರ ರೊಕ್ಕ ಕೊಡಾವರು ಅವರೊಬ್ಬರ ಅಲ್ಲಂತ."

ಮಲಗಿದ್ದ ಎತ್ತಿನ ಫೋಟೋವನ್ನೇ ಹುಡುಗಿ ತೆಗೆದುಕೊಂಡಳು. ಹೋದರು. ಮಳೆಗಾಲವೆಲ್ಲ ಕಳೆಯಿತು, ಸುದ್ದಿಯಿಲ್ಲ. ಬಾಯಾರ ಎದೆನೋವು ಶುರುವಾದದ್ದು ಆಗಲೇ. ನಾನು ಆ ಸೋಮವಾರಕ್ಕೆ ಮರುಗಿದರೆ ಗದರುವರು. "ಬರದಿದ್ರ ಬ್ಯಾಡ. ನೀವು ನನಗಾಗಿ ನೊಗ ಎತ್ತಿದ್ದ ನನಗ ಬಂದಂಗ."

ದೀಪಾವಳಿಯ ಮುಂದೆ ಫೋನು ಬಂತು. ಒಂದು ವರ್ಷಕ್ಕೆ ಕೊಡುತ್ತೇವೆ, ಮಾಡಿ ತೋರಿಸ್ರಿ ಎಂದರಂತೆ.

ಮೊದಲ ರವಿವಾರ ಐದು ಮಕ್ಕಳು ಬಂದವು. ಬಾಯಾರು ಕುರ್ಚಿಯ ಮೇಲೆ ಕೂತು ಅವಲಕ್ಕಿ, ಕೊಬ್ಬರಿ, ಬಾಳೆಹಣ್ಣು ಕಲಸಿ ಮಲೀದವೆಂಬ ಅವರ ಪ್ರಸಾದ ಮಾಡಿದರು. ಅಂಗಳದಲ್ಲಿ ಇಣುಕುತ್ತಿದ್ದ ನನ್ನ ಮೊಮ್ಮಗಳು ಶಿವಲೀಲಾಳನ್ನು ಕಂಡು, "ಐದಂದ್ರ ಕಮ್ಮಿ ಆತು, ನೀನೂ ಬಾರಬೇ" ಎಂದು ಕರೆದು ಕೂಡಿಸಿಕೊಂಡರು. ಕೊಂಕಣದಲ್ಲಿ ಅವರ ಹಿರಿಯರು ಉಳಿದದ್ದನ್ನೆಲ್ಲ ಮರೆತರೂ ಬಿಡದೆ ಇಟ್ಟುಕೊಂಡ ಪ್ರಾರ್ಥನೆ ಒಂದಿದೆಯಂತೆ, ಅದನ್ನೇ ಮೊದಲು ಕಲಿಸಿದರು.

"ಅದರರ್ಥ ಏನ್ರಿ?" ಎಂದು ಕೇಳಿದರು ನಮ್ಮ ಮನೆಯವರು.

"ಕೇಳ್ರಿ, ದೇವರು ಒಬ್ಬನ ಅಂತ."

"ಇಷ್ಟ ಏನು? ಇದನ್ನ ನಮ್ಮ ಮಠದಾಗೂ ಹೇಳ್ತಾರ. ಕಲೀಲಿ ಬಿಡ್ರಿ."

ಕಡೆಯ ಸಲ ಕಂಡದ್ದು ಒಂದು ಶುಕ್ರವಾರ, ರಾಣೇಬೆನ್ನೂರಿನ ಅವರ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಶಿವಲೀಲಾ ಹತ್ತಿರ ಕೂತು ಆ ಪ್ರಾರ್ಥನೆ ಒಪ್ಪಿಸಿದಳು. ಬಾಯಾರು ನಕ್ಕರು. "ಮಾತು ನಮ್ಮದು, ಘಾಟು ಬ್ಯಾಡಗೀದು!" ಆಮೇಲೆ ನನ್ನ ಕಡೆ ಹೊರಳಿ, "ಲಗೂ ಹೊಂಡ್ರಿ, ಬಸ್ ತಪ್ಪೀತು" ಅಂದರು. ಆ ವಾರವೇ ಹೋದರು. ಅವರ ಜನರ ಮಸಣ ಇಲ್ಲಿಲ್ಲ. ಪುಣೆಗೆ ಒಯ್ದರು. ನನಗೆ ಒಂದು ಹಿಡಿ ಮಣ್ಣು ಹಾಕುವುದೂ ಆಗಲಿಲ್ಲ.

ಮುಂದಿನ ಪಾಳಿಯ ರವಿವಾರ ಮಕ್ಕಳು ಬರುವುದಿಲ್ಲವೆಂದೇ ತಿಳಿದಿದ್ದೆ. ಗಾಡಿ ಬಂತು. ಐದೂ ಮಕ್ಕಳು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತವು. ಶುರು ಮಾಡುವವರಿಲ್ಲ. ಲಿಯಾ ಬಾಯಿ ತೆರೆದಳು, ಅಳು ಬಂತು, ಮುಚ್ಚಿಕೊಂಡಳು. ಇದು ಇಲ್ಲಿಗೇ ಮುಗಿಯಿತೆಂದುಕೊಂಡೆ.

ಆಗ ನನ್ನ ಶಿವಲೀಲಾ ಎದ್ದು ನಿಂತಳು. ಬಾಯಾರು ಕಲಿಸಿದ್ದ ಹಾಗೆಯೇ ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಒಬ್ಬಳೇ ಹೇಳತೊಡಗಿದಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಹತ್ತಿರ ಆ ಗಳಿಗೆಯ ಸಂತೋಷ ಹೇಳುವ ಮಾತಿಲ್ಲ. ಉಡಿ ತುಂಬಿ ಚೆಲ್ಲಿದ ಹಾಗಾಯಿತು. ಅವಳ ದನಿಗೆ ಲಿಯಾಳ ದನಿ ಕೂಡಿತು. ಆಮೇಲೆ ಒಂದೊಂದಾಗಿ ಉಳಿದವೂ. ನಮ್ಮ ಮನೆಯವರು ಎತ್ತಿನ ಕೊರಳಗಂಟೆಯನ್ನು ಸಪ್ಪಳಾಗದಂತೆ ಅಂಗೈಯಲ್ಲಿ ಹಿಡಿದು, ಮಕ್ಕಳು ಮುಗಿಸುವವರೆಗೆ ಹಾಗೆಯೇ ನಿಂತಿದ್ದರು.