ಕಿಟಕಿಗೆ ಕಟ್ಟಿದ ಬಿಳಿ ಕಾರ್ಡು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಹೆಂಗಸೊಬ್ಬರು ಬಿಳಿ ಕಾರ್ಡುಗಳಿಗೆ ವ್ಯಾಸಲೀನ್ ಸವರುತ್ತಿದ್ದಾರೆ, ಮಗುವಿನ ಕೆನ್ನೆಗೆ ಹಚ್ಚುವಷ್ಟು ತೆಳ್ಳಗೆ. ಅವರು ಇಲ್ಲಿನ ಅಟೆಂಡರ್. ಮಕ್ಕಳಿಗೆ ಲ್ಯಾಬ್ ಅಕ್ಕ. ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಕಾರ್ಡಿನ ಉಸಾಬರಿ ಅವರೇ ಮೈಮೇಲೆ ಎಳೆದುಕೊಂಡದ್ದು. ಕಿಟಕಿಗೆ ಕಟ್ಟಿದರೆ ಗಾಳಿಯಲ್ಲಿರುವ ದೂಳು, ಮಸಿ ಅದಕ್ಕೆ ಅಂಟುತ್ತದೆ. ಉಸಿರಿನ ಜೊತೆ ಒಳಗೆ ಹೋಗುವುದೇನೆಂದು ಹುಡುಗರ ಕಣ್ಣಿಗೇ ಬೀಳುತ್ತದೆ.

“ಬಾಯಲ್ಲಿ ಹೇಳಿದ್ರೆ ಈ ವಯಸ್ಸಲ್ಲಿ ಯಾರು ಕೇಳ್ತಾರೆ? ನಮ್ಮಮ್ಮ ಹೇಳಿದ್ದು ನಾನು ಕೇಳಿದ್ನಾ?” ಎಂದು ಅಕ್ಕ ನನ್ನನ್ನೇ ಕೇಳುತ್ತಾರೆ.

ಇದಕ್ಕೆಲ್ಲ ಕಾರಣ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳಿಗೆ ಉಬ್ಬಸ. ಶಾಲೆಗೆ ಬಂದರೆ ಜೋರು, ಮನೆಯಲ್ಲಿದ್ದರೆ ಕಡಿಮೆ. ‘ನಾಟಕದವಳು’ ಎಂದು ಗೆಳತಿಯರು ರೇಗಿಸುತ್ತಿದ್ದರು. ತಾಯಿಯಂತೂ ಶಾಲೆ ಬಿಡಿಸುವ ಮಾತಾಡತೊಡಗಿದ್ದರು. ಅವಳು ಕೂರುವ ಕಿಟಕಿಯಾಚೆ ಶಾಲಾ ಬಸ್ಸುಗಳು ಎಂಜಿನ್ ಆರಿಸದೆ ನಿಲ್ಲುತ್ತಿದ್ದವು. ಅಕ್ಕನ ಅನುಮಾನವೆಲ್ಲ ಆ ಹೊಗೆಯ ಮೇಲೆ.

ಹುಡುಗರ ಕೈಲಿ ತರಗತಿಯ ಕಿಟಕಿಗಳಿಗೆ ಮೊದಲ ಸಲ ಕಟ್ಟಿಸಿದ ಕಾರ್ಡುಗಳೆಲ್ಲ ಬೆಳ್ಳಗೆ ಹೊಳೆಯುತ್ತ ವಾಪಸು ಬಂದವು. ಅಕ್ಕ ಗದರಿದಾಗ ಗುಟ್ಟು ಹೊರಬಿತ್ತು.

“ಗಲೀಜಾಗಿತ್ತಕ್ಕಾ, ಮಾರ್ಕ್ಸ್ ಕಟ್ ಆಗುತ್ತೆ ಅಂತ ಒರೆಸಿಬಿಟ್ವಿ.”

“ಅಯ್ಯೋ ನನ್ ಬಂಗಾರಗಳಾ! ಥರ್ಮಾಮೀಟರ್‌ನ ತಣ್ಣೀರಲ್ಲಿ ಅದ್ದಿಟ್ಟು ಜ್ವರ ಇಲ್ಲ ಅಂದ್ರಂತೆ!”

ಎರಡನೇ ಸಲ ಯಾರೂ ಒರೆಸಲಿಲ್ಲ. ಬೇರೆ ಕಾರ್ಡುಗಳು ಬೂದು. ಆ ಹುಡುಗಿಯ ಕಿಟಕಿಯದು ಮಾತ್ರ ಬಾಣಲೆಯ ತಳ. ಅವಳನ್ನು ರೇಗಿಸಿದವರೇ ಅದನ್ನು ಹಿಡಿದು ಬಸ್ಸಿನ ಹಿರಿಯ ಡ್ರೈವರ್ ಬಳಿ ಓಡಿದರು. ಡ್ರೈವರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸಂಜೆ ನಾನು ಮೂಗು ಒರೆಸ್ಕೊಂಡ್ರೂ ಇದೇ ಬಣ್ಣ ಕಣ್ರೋ. ಆಯ್ತು, ಆಫ್ ಮಾಡ್ತೀನಿ. ಆದ್ರೆ ನನ್ನ ಮುದುಕಿ ಮತ್ತೆ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ತಳ್ಳೋಕೆ ನೀವೇ ಬರ್ಬೇಕು!”

ಅಂದು ಸಂಜೆ ಇಡೀ ತರಗತಿ ಕೇಕೆ ಹಾಕುತ್ತ ಬಸ್ಸು ತಳ್ಳಿತು. ಈಗ ಆ ಕಿಟಕಿಯ ಪಕ್ಕ ಒಂದು ಎಂಜಿನ್ನೂ ಗುರುಗುಟ್ಟುವುದಿಲ್ಲ. ಹುಡುಗಿಯ ಔಷಧ ನಿಂತಿಲ್ಲ, ನಿಲ್ಲಿಸಲೂಬಾರದು. ಆದರೆ ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಿಂತಿದೆ.

ನಾವು ಮಾತಾಡುತ್ತಿರುವಾಗಲೇ ಬೆಳಕಾಗಿ, ಶಾಲೆಗೆ ಬಂದ ಆ ಹುಡುಗಿ ತನ್ನ ಕಿಟಕಿಯಿಂದ ಹಿಂದಿನ ವಾರದ ಕಾರ್ಡು ಬಿಚ್ಚಿ ತರುತ್ತಾಳೆ. ತೆಳುವಾದ ಬೂದು, ಅಷ್ಟೇ. ಅಕ್ಕ ಅದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕುತ್ತಾರೆ.

“ನಿಜ ಹೇಳು, ಒರೆಸಿದ್ಯಾ?”

“ಇಲ್ಲಕ್ಕಾ! ನಿಮ್ಮಾಣೆ!”

ಅಕ್ಕ ಆ ಕಾರ್ಡನ್ನು ತೊಳೆಯುವ ಬೇಸಿನ್ನಿನ ಮೇಲೆ, ತಮ್ಮ ಕಣ್ಣಿನ ಎತ್ತರಕ್ಕೆ, ಅಂಟಿಸುತ್ತಾರೆ.

“ಇದು ನಂದು. ಯಾರಿಗೂ ಕೊಡಲ್ಲ.”