ಬಹ್ರೇನಿನ ಬಿಕ್ಕಳಿಕೆ

ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ನೆನೆದವರ ಹೆಸರು ಹೇಳಿದರೆ ನಿಂತುಹೋಗುತ್ತದೆ ಎಂದು ನಮ್ಮ ಕಡೆ ಹೇಳುವುದು ನಿಮಗೂ ಗೊತ್ತು. ನಾನು ಅದನ್ನು ನಂಬಿದವಳಲ್ಲ. ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡುತ್ತಿದ್ದವಳು ನಾನು. ಬಿಕ್ಕಳಿಕೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು ತನ್ನಷ್ಟಕ್ಕೆ ಹಿಂಡಿಕೊಳ್ಳುವುದು, ಅಷ್ಟೆ. ನಮ್ಮ ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್‌ಗಳಲ್ಲಿ ಯಾರಾದರೂ ಬಿಕ್ಕಿದರೆ ಹೆಂಗಸರೆಲ್ಲ ಸೇರಿ, "ಅತ್ತೆ ಹೆಸರು ಹೇಳ್ರೀ, ಊರಲ್ಲಿ ಕೂತ್ಕೊಂಡು ಬೈತಾ ಇರ್ಬೇಕು" ಎಂದು ಗೇಲಿ ಮಾಡುತ್ತಿದ್ದರು. "ಸುಮ್ನೆ ನೀರು ಕುಡೀರಿ" ಎಂದು ನಾನು ಮೂಗು ಮುರಿಯುತ್ತಿದ್ದೆ. ಈಗ ಮೂಗು ಮುರಿಯುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಎಪ್ಪತ್ತರ ದಶಕದ ನಡುಭಾಗ. ನ್ಯೂಜೆರ್ಸಿಯಲ್ಲಿ ಗ್ಯಾಸ್‌ಗಾಗಿ ಅಂದರೆ ಪೆಟ್ರೋಲಿಗಾಗಿ ಕಾರುಗಳ ಸಾಲಿನಲ್ಲಿ ಕಾದು ಕಾದು ಸಾಕಾಗಿದ್ದ ಕಾಲ ಆಗಷ್ಟೇ ಮುಗಿದಿತ್ತು. ನನ್ನ ಅಣ್ಣ ಎಣ್ಣೆಯ ಸೀಮೆಗೇ, ಬಹ್ರೇನಿಗೆ, ಇಂಜಿನಿಯರಾಗಿ ಹೋಗಿದ್ದ. ಅಪ್ಪ ತೀರಿಕೊಂಡ ಮೇಲೆ ಮೈಸೂರಿನ ಬಾಡಿಗೆ ಮನೆ ಬಿಡಿಸಿ ಅಮ್ಮನನ್ನೂ ಅಲ್ಲಿಗೆ ಕರೆಸಿಕೊಂಡ. ನಾನು ಮದುವೆಯಾಗಿ ಅಮೆರಿಕಕ್ಕೆ ಬಂದಮೇಲೆ ಅಮ್ಮನ ಮುಖ ನೋಡಿರಲಿಲ್ಲ. ಮೊದಲು ಗ್ರೀನ್ ಕಾರ್ಡ್ ಬರಲಿ ಅಂದರು ನನ್ನ ಗಂಡ. ಆಮೇಲೆ ಅವರಿಗೆ ಲೇ-ಆಫ್ ಆಗಿ ಕೆಲಸ ಹೋಯಿತು. ಆಮೇಲೆ ನಾನು ಬಸುರಾದೆ, ಆ ಚಳಿಗಾಲದ ಕೊನೆಗೆ ಅದೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದು ಅಪಾರ್ಟ್‌ಮೆಂಟಿನ ಕಿಟಕಿಯ ಪಕ್ಕ ಮಲಗಿದ್ದಾಗ ನನಗೆ ಬೇಕಾಗಿದ್ದವಳು ಅಮ್ಮ ಒಬ್ಬಳೇ. ಅವಳ ಕೈಯ ಒಂದು ತುತ್ತು ಸಿಕ್ಕಿದರೆ ಎದ್ದು ಕೂರುತ್ತೇನೆ ಅನ್ನಿಸುತ್ತಿತ್ತು.

ಆಪರೇಟರನ್ನು ಹಿಡಿದು, ಕಾದು, ಬಹ್ರೇನಿಗೆ ಫೋನ್ ಮಾಡಿದರೆ ಅಮ್ಮ ಮಾತ್ರ ಸಿಗುತ್ತಿರಲಿಲ್ಲ. "ಸ್ನಾನಕ್ಕೆ ಹೋಗಿದಾಳೆ ಕಣೇ" ಅನ್ನುತ್ತಿದ್ದ ಅಣ್ಣ. ಇನ್ನೊಂದು ಸಲ, "ಈಗ ತಾನೇ ಮಲಗಿದಾಳೆ, ಎಬ್ಬಿಸಲಾ?" ಬೇಡ, ಮಲಗಲಿ ಅನ್ನುತ್ತಿದ್ದೆ ನಾನು. "ಬೇಸಿಗೇಲಿ ಮಾತ್ರ ಬರಬೇಡ ಪುಟ್ಟೀ, ಬೆಂದುಹೋಗ್ತೀಯ. ಡಿಸೆಂಬರಲ್ಲಿ ಬಾ, ತಂಪಾಗಿರತ್ತೆ" ಎಂದು ಅವನ ಪಲ್ಲವಿ. ನನ್ನ ಗಂಡನದೂ ಅದೇ ರಾಗ. ನಾನು ಮೊದಲಿನಿಂದಲೂ ಮೊಂಡಿ. ಬೇಡ ಅಂದಷ್ಟೂ ಹಟ ಬಂತು. ಜುಲೈನಲ್ಲಿ ರಜೆ ಹಾಕಿ ಟಿಕೆಟ್ ತೆಗೆಸಿಯೇಬಿಟ್ಟೆ.

ಕೆನಡಿ ಏರ್‌ಪೋರ್ಟಿನಲ್ಲಿ ನನ್ನ ಗಂಡ ಕೈಚೀಲವನ್ನು ಕೊಡದೆ ಹಿಡಿದುಕೊಂಡೇ ನಿಂತಿದ್ದರು. "ಅಲ್ಲಿ ಹೋದಮೇಲೆ ಸ್ವಲ್ಪ ಧೈರ್ಯವಾಗಿರು" ಅಂದರು. "ಬಿಸಿಲಿಗೆ ಧೈರ್ಯ ಯಾಕ್ರೀ, ಕೊಡೆ ಸಾಕು" ಎಂದು ನಗುತ್ತ ಚೀಲ ಕಿತ್ತುಕೊಂಡು ಹೋದೆ.

ಬಹ್ರೇನಿನಲ್ಲಿ ವಿಮಾನದ ಬಾಗಿಲು ತೆರೆದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗಾಯಿತು. ಕನ್ನಡಕದ ಮೇಲೆಲ್ಲ ಹಬೆ. ಅದನ್ನು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಹೊರಗೆ ಬಂದು ನೋಡಿದರೆ ಅಣ್ಣ ಒಬ್ಬನೇ ನಿಂತಿದ್ದ.

"ಅಮ್ಮ ಎಲ್ಲೋ?"

"ಈ ಸೆಕೆ ತಡೀಲಿಲ್ಲ ಕಣೇ. ಮೈಸೂರಿಗೆ ಕಳಿಸಿದೀನಿ, ದೊಡ್ಡಮ್ಮನ ಮನೆಗೆ."

"ನಾನು ಬರೋದು ಗೊತ್ತಿದ್ದೂ ಕಳಿಸಿದ್ಯಾ?"

"ಡಿಸೆಂಬರಲ್ಲಿ ಬಾ ಅಂದ್ರೆ ಕೇಳಿದ್ಯಾ ನೀನು?"

ಮೈ ಉರಿದುಹೋಯಿತು. ಹಾಗಾದರೆ ಇಲ್ಲಿಂದಲೇ ಮೈಸೂರಿಗೆ ಹೋಗುತ್ತೇನೆ ಅಂದೆ. ನೋಡೋಣ ಅಂದ. ದಿನಾ ಆಫೀಸಿನಿಂದ ಬಂದು, "ಬಾಂಬೆಗೆ ಸೀಟೇ ಇಲ್ಲ ಪುಟ್ಟೀ" ಅನ್ನುತ್ತಿದ್ದ. ನಾನು ನಂಬಿಕೊಂಡು ಕೂತಿದ್ದೆ.

ಆ ಊರಿನ ಬೇಸಿಗೆಯನ್ನು ಹೇಗೆ ಹೇಳಲಿ. ಹಗಲು ಬೀದಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಮನೆಯೊಳಗೆ ಪರದೆ ಎಳೆದು, ಏಸಿ ಗುಂಯ್ ಅನ್ನುತ್ತ, ನಡುಮಧ್ಯಾಹ್ನಕ್ಕೂ ದೀಪ ಹಾಕಿಕೊಂಡು ಕೂರುವುದು. ತಣ್ಣೀರಿನ ನಲ್ಲಿ ತಿರುಗಿಸಿದರೆ ತಾರಸಿಯ ಟ್ಯಾಂಕಿನಲ್ಲಿ ಕಾದ ನೀರು ಕೈ ಸುಡುತ್ತಿತ್ತು. ಅತ್ತಿಗೆ ಬಾಣಂತಿಗೆ ಮಾಡುವ ಹಾಗೆ ನನ್ನ ಉಪಚಾರ ಮಾಡುತ್ತಿದ್ದರು, ಆದರೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅಮ್ಮನ ಕೋಣೆಗೆ ಬೀಗ ಹಾಕಿತ್ತು. ಏಸಿ ಕೆಟ್ಟಿದೆ, ಬಾಗಿಲು ತೆಗೆದರೆ ಮನೆಯೆಲ್ಲ ಕಾಯುತ್ತದೆ ಅಂದರು.

ಒಂದು ಶುಕ್ರವಾರ, ಅಲ್ಲಿನ ರಜೆಯ ದಿನ, ಬೆಳಗಿನ ಕಾಫಿಯ ಜೊತೆಗೇ ನನಗೆ ಬಿಕ್ಕಳಿಕೆ ಶುರುವಾಯಿತು. "ಯಾರೋ ನೆನೆಸ್ಕೋತಿದಾರೆ" ಎಂದು ಅತ್ತಿಗೆ ಬಾಯಿ ತಪ್ಪಿ ಅಂದರು, ಅಂದವರೇ ಒಳಗೆ ಹೋಗಿಬಿಟ್ಟರು. ನೀರು ಕುಡಿದೆ. ಉಸಿರು ಬಿಗಿಹಿಡಿದೆ. ಸಕ್ಕರೆ ನುಂಗಿದೆ. ನನಗೆ ಗೊತ್ತಿದ್ದ ವಿಜ್ಞಾನವನ್ನೆಲ್ಲ ಮಾಡಿ ಮುಗಿಸಿದೆ. ನಿಲ್ಲಲಿಲ್ಲ. ಊಟದ ಹೊತ್ತಿಗೆ ಪಕ್ಕೆಲುಬು ನೋಯುತ್ತಿತ್ತು, ಮೊಸರನ್ನವೂ ಗಂಟಲಲ್ಲಿ ಇಳಿಯಲಿಲ್ಲ. ಅಣ್ಣ ಗಾಬರಿಯಾಗಿ ಮೇಲಿನ ಮನೆಯ ಲಿಲ್ಲಿಬಾಯಿಯನ್ನು ಕರೆತಂದ. ಮಂಗಳೂರಿನವರು, ನರ್ಸು. ಊರಿನಿಂದ ಹಿಂದಿನ ದಿನವಷ್ಟೇ ವಾಪಸು ಬಂದಿದ್ದರು.

ಅವರು ನಾಡಿ ಹಿಡಿದು ನೋಡಿ, "ಮದ್ದು ಆಮೇಲೆ ಕೊಡುವ. ಮೊದಲು ನೆನಪು ಮಾಡುವವರ ಹೆಸರು ಹೇಳಿ ನೋಡಿ ಮಾರಾಯ್ರೆ" ಅಂದರು.

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಸೋತಿದ್ದೆ. ಗಂಡನ ಹೆಸರು ಹೇಳಬಾರದು ಎಂದು ಅಮ್ಮ ಕಲಿಸಿದ್ದಳು, ಅದನ್ನೇ ಮೊದಲು ಹೇಳಿದೆ. ಅತ್ತೆಯ ಹೆಸರು ಹೇಳಿದೆ, ಲ್ಯಾಬಿನ ಗೆಳತಿಯ ಹೆಸರು ಹೇಳಿದೆ. ಬಿಕ್ಕಳಿಕೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ, "ಅಮ್ಮ" ಅಂದೆ. ಅತ್ತಿಗೆ ನೀರಿನ ಲೋಟವನ್ನು ಅಲ್ಲೇ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಬಿಕ್ಕಳಿಕೆ ನಿಲ್ಲಲಿಲ್ಲ.

"ಅಮ್ಮ ಅಂದರೆ ಹೆಸರಾ?" ಅಂದರು ಲಿಲ್ಲಿಬಾಯಿ. "ಲೋಕಕ್ಕೆಲ್ಲ ಅಮ್ಮಂದಿರು ಇದ್ದಾರೆ. ಹೆಸರು ಹಿಡಿದು ಹೇಳಬೇಕು."

ಹೆತ್ತವಳ ಹೆಸರನ್ನು ಮಕ್ಕಳು ಹಿಡಿದು ಹೇಳುವುದುಂಟೆ? ನನ್ನ ಜನ್ಮದಲ್ಲಿ ಹೇಳಿರಲಿಲ್ಲ. ಅಣ್ಣ ಇದ್ದಕ್ಕಿದ್ದ ಹಾಗೆ, "ಬೇಡ ಬಿಡೇ, ಸಾಕು!" ಎಂದು ಗದರಿದ. ಅವನು ಗದರಿದ್ದಕ್ಕೇ ನಾನು ಹೇಳಿದೆ.

"ರುಕ್ಮಿಣಿ."

ನಲ್ಲಿ ಬಂದ್ ಮಾಡಿದ ಹಾಗೆ ನಿಂತುಹೋಯಿತು. ಇನ್ನೊಂದು ಬರುತ್ತದೆ ಎಂದು ನಾನು ಎದೆ ಹಿಡಿದುಕೊಂಡೇ ಕಾದೆ. ಬರಲಿಲ್ಲ.

ಲಿಲ್ಲಿಬಾಯಿ ಶಿಲುಬೆಯ ಗುರುತು ಹಾಕಿಕೊಂಡರು. "ಪಾಪ, ಹೋದ ಮೇಲೂ ಮಗಳನ್ನು ಬಿಡಲಿಲ್ಲ ನೋಡಿ. ಕೊನೆಗೆ ಅವರಿಗೂ ಇದೇ ಬಿಕ್ಕಳಿಕೆ ಅಲ್ವಾ? ಏನು ಮಾಡಿದರೂ ನಿಲ್ಲಲಿಲ್ಲ. ಅಮೆರಿಕದ ಮಗಳು ನೆನಪು ಮಾಡ್ತಿದ್ದಾಳೆ ಅಂತ ನಿಮ್ಮ ಹೆಸರನ್ನೇ ಹೇಳ್ತಾ ಹೇಳ್ತಾ ಹೋದರು." ಆಮೇಲೆ ನಮ್ಮ ಮೂವರ ಮುಖವನ್ನೂ ನೋಡಿದರು. "ದೇವರೇ! ಇವರಿಗೆ ಹೇಳಲಿಲ್ಲವಾ ನೀವು?"

ಅಮ್ಮ ಯುಗಾದಿ ಕಳೆದ ಸ್ವಲ್ಪ ದಿನಕ್ಕೇ ಆ ಬೀಗ ಹಾಕಿದ ಕೋಣೆಯಲ್ಲಿ ತೀರಿಕೊಂಡಿದ್ದಳು. ಅಲ್ಲೇ ದಹನವನ್ನೂ ಮಾಡಿ ಮುಗಿಸಿದ್ದರು. ತಂತಿ ನನ್ನ ಗಂಡನ ಆಫೀಸಿಗೆ ಬಂದಿತ್ತಂತೆ. ಈಗಷ್ಟೇ ಮಗು ಕಳೆದುಕೊಂಡಿದ್ದಾಳೆ, ಇದನ್ನು ತಡೆಯುವುದಿಲ್ಲ ಎಂದು ಗಂಡಸರಿಬ್ಬರೂ ಫೋನಿನಲ್ಲೇ ತೀರ್ಮಾನ ಮಾಡಿದರಂತೆ. ನಾನು ಟಿಕೆಟ್ ತೆಗೆಸಿದ ಮೇಲೂ ನನ್ನ ಗಂಡನಿಗೆ ಬಾಯಿ ಬರಲಿಲ್ಲ, ಅಣ್ಣ ಹೇಳುತ್ತಾನೆ ಎಂದು ಇವರು, ಹೇಗೆ ಹೇಳಲಿ ಎಂದು ಅವನು. ಸತ್ತವಳಿಗೆ ತಿಂಗಳುಗಟ್ಟಲೆ ಸ್ನಾನ ಮಾಡಿಸಿದರು, ನಿದ್ದೆ ಮಾಡಿಸಿದರು, ಕೊನೆಗೆ ಮೈಸೂರಿಗೂ ಕಳಿಸಿದರು. ನಾನು ಬೇಡ, ಎಬ್ಬಿಸಬೇಡ ಅಂದಿದ್ದೆನಲ್ಲ, ಅದನ್ನು ಕೇಳಿಸಿಕೊಂಡು ಆ ಪುಣ್ಯಾತ್ಮ ಹೇಗೆ ಸುಮ್ಮನಿದ್ದನೋ!

ಸಾವಿನ ಸುದ್ದಿ ಕೇಳಿದ ಮೇಲೆ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳಬೇಕು. ಆ ಊರಿನಲ್ಲಿ ತಣ್ಣೀರೆಲ್ಲಿ? ಅತ್ತಿಗೆ ಅಳುತ್ತ ಫ್ರಿಜ್ಜಿನ ಬಾಟಲಿಗಳನ್ನೆಲ್ಲ ಬಕೆಟ್ಟಿಗೆ ಸುರಿದರು, ಐಸನ್ನೂ ಒಡೆದು ಹಾಕಿದರು. ನಾನು ಮಿಂದೆ. ಅಣ್ಣ ಬಾಗಿಲ ಹೊರಗೆ ನಿಂತು, "ನಿನ್ನ ಒಳ್ಳೇದಕ್ಕೇ ಕಣೇ" ಅನ್ನುತ್ತಿದ್ದ. ಉತ್ತರ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ. ನ್ಯೂಜೆರ್ಸಿಗೆ ಬಂದ ಮೇಲೆ ಇವರೂ ಅದೇ ಮಾತನ್ನೇ ಅಂದರು. ಇವರ ಜೊತೆ ಸಂಸಾರ ಮಾಡಿದ್ದೇನೆ, ಮಗಳನ್ನು ಹೆತ್ತಿದ್ದೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ಯಾರೂ ತಿಳಿಯಬೇಡಿ.

ನನ್ನ ಲ್ಯಾಬಿನ ಡಾಕ್ಟರನ್ನು ಕೇಳಿದೆ. ಸೆಕೆಗೆ, ಪ್ರಯಾಣದ ಆಯಾಸಕ್ಕೆ ಬಂದಿರಬೇಕು, ಮನಸ್ಸಿಗೆ ಆಘಾತವಾದರೆ ಬಿಕ್ಕಳಿಕೆ ನಿಲ್ಲುವುದುಂಟು ಅಂದರು. ಆದರೆ ಆಘಾತವಾದದ್ದು ನಿಂತ ಮೇಲೆ, ಮೊದಲಲ್ಲ. ಸರಿ, ಲಿಲ್ಲಿಬಾಯಿಯ ಮಾತೇ ನಿಜ ಅನ್ನೋಣ. ಆ ದಿನಗಳಲ್ಲಿ ನಾನು ಕಿಟಕಿಯ ಪಕ್ಕ ಮಲಗಿ ಅಮ್ಮಾ ಅಮ್ಮಾ ಎಂದು ನೆನೆಯುತ್ತಲೇ ಇದ್ದೆ. ಹಾಗಾದರೆ ನನ್ನ ಹೆಸರು ಹೇಳಿದ ಮೇಲೂ ಅವಳ ಬಿಕ್ಕಳಿಕೆ ಯಾಕೆ ನಿಲ್ಲಲಿಲ್ಲ? ನಾನು ನೆನೆಯುವುದನ್ನು ನಿಲ್ಲಿಸಲಿಲ್ಲ ಅಂತಲೇ? ನನಗೆ ಗೊತ್ತಿಲ್ಲ.

ಈಗಲೂ ಅಪರೂಪಕ್ಕೆ ಬಿಕ್ಕಳಿಕೆ ಬರುತ್ತದೆ. ಮಗಳು ನೀರು ತಂದುಕೊಟ್ಟು, "ಸೇ ದ ನೇಮ್, ಅಮ್ಮ" ಎಂದು ತಮಾಷೆ ಮಾಡುತ್ತಾಳೆ. ನಾನು ಎಲ್ಲರ ಹೆಸರನ್ನೂ ಹೇಳುತ್ತೇನೆ, ಅಣ್ಣನದನ್ನೂ ಬಿಡುವುದಿಲ್ಲ. ಆ ಒಂದು ಹೆಸರನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ನಿಂತುಹೋಗುತ್ತದೆ.