ರೋಸಿಗೆ ಹುಚ್ಚು ಹಿಡಿದಿರಲಿಲ್ಲ

ಈಸ್ಟರಿನ ಪಾಸ್ಕ ಹಬ್ಬ ಕಳೆದ ಮೂರನೆಯ ದಿನ ಮಧ್ಯಾಹ್ನ ರೋಸಿ ಅಡುಗೆಮನೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಕರೆದೆ. ತಿರುಗಲಿಲ್ಲ. ಎತ್ತಿ ಈಚೆಗೆ ಬಿಟ್ಟರೆ ನಿಂತಲ್ಲೇ ಸುತ್ತಿತು, ಕಾಲು ತೊಡರಿ ಬಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ರೋಸಿ ಬೆಕ್ಕಿಗಿಂತ ತುಸು ದೊಡ್ಡ ನಾಯಿ. ಹಡಗು ಹತ್ತಿ ಸೀಮೆಗೆ ಹೊರಟ ಇಂಗ್ಲಿಷ್ ದೊರೆಸಾನಿಯೊಬ್ಬರು, ಅವರ ಬಟ್ಟೆ ಹೊಲಿಯುತ್ತಿದ್ದ ನನ್ನ ಕೈಗೆ ಕೊಟ್ಟುಹೋಗಿದ್ದರು. ನಮ್ಮದು ಮಕ್ಕಳಿಲ್ಲದ ಮನೆ. ಲಷ್ಕರ್ ಮೊಹಲ್ಲಾದ ಎರಡು ಕೋಣೆಗಳಲ್ಲಿ ನಾನು ಎಲ್ಲಿಗೆ ಎದ್ದು ಹೋದರೂ ಅದು ಹಿಂದೆಯೇ ಬರುತ್ತಿತ್ತು.

ಪಕ್ಕದ ಮನೆಯ ಪುಟ್ಟಮ್ಮ ಬಾಗಿಲಲ್ಲೇ ನಿಂತು ನೋಡಿದಳು.

"ಉಚ್ಚು ಇಡ್ದದೆ ಕಣಮ್ಮ ಸೂಸಮ್ಮ. ಮುನಿಸಿಪಾಲ್ಟಿಯೋರ್ಗೆ ಯೋಳ್ಬುಡು."

ಹೇಳಿದರೆ ಬಂದು ಗುಂಡು ಹೊಡೆಯುತ್ತಾರೆ.

ಆ ಬೆಳಿಗ್ಗೆಯಷ್ಟೇ ಅದು ನನ್ನ ಬೆರಳು ನೆಕ್ಕಿತ್ತು. ಬೆರಳಲ್ಲಿ ಸೂಜಿ ಚುಚ್ಚಿದ ಗಾಯವಿತ್ತು. ನನ್ನ ಗಂಡ ಅಂತೋಣಿ ಆ ಬೆರಳನ್ನು ಹಿಡಿದು ನೋಡಿದರು. ರೋಸಿಯನ್ನು ಗೋಣಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡರು. ಜಟಕಾ ಹತ್ತಿ ದನದ ಆಸ್ಪತ್ರೆಗೆ ಹೋದೆವು.

ಡಾಕ್ಟರು ನೀರಿನ ತಟ್ಟೆ ಇಟ್ಟರು. ರೋಸಿ ಕುಡಿಯಿತು.

"ನೀರು ಕುಡಿದ ಮಾತ್ರಕ್ಕೆ ಹುಚ್ಚಲ್ಲ ಅನ್ನೋಕಾಗಲ್ಲ ಅಮ್ಮ. ಹತ್ತು ದಿವಸ ಇಲ್ಲೇ ಬೋನಿನಲ್ಲಿರಲಿ. ಅಷ್ಟು ದಿವಸ ಬದುಕಿದ್ರೆ ನಿಮಗೂ ಭಯವಿಲ್ಲ."

ದಿನವೂ ನಡೆದುಹೋಗಿ ನೋಡಿ ಬಂದೆ. ಅದರ ಕಣ್ಣಲ್ಲಿ ನನ್ನ ಸಾವು ಕಾಣುತ್ತದೆಯೋ ಎಂದು ಹುಡುಕುವುದು, ಮನೆಗೆ ಬಂದು ರವಿಕೆಗೆ ಗುಂಡಿಯ ಕಾಜಾ ಹಾಕುವುದು, ಮತ್ತೆ ಮರುದಿನ ಹೊರಡುವುದು. ನಾಲ್ಕನೆಯ ದಿನಕ್ಕೆ ಹೆದರುವುದಕ್ಕೂ ಶಕ್ತಿ ಉಳಿದಿರಲಿಲ್ಲ. ರೋಸಿ ಮಾತ್ರ ಆಸ್ಪತ್ರೆಯ ಗಂಜಿ ಕುಡಿದು ದಿನದಿನಕ್ಕೂ ಗೆಲುವಾಗುತ್ತಿತ್ತು.

ಹತ್ತನೆಯ ದಿನ ಡಾಕ್ಟರು, "ಹುಚ್ಚಲ್ಲ. ಆದ್ರೆ ಏನು ಅಂತ ನನಗೂ ತಿಳೀತಿಲ್ಲ. ಮನೇಲಿ ಏನು ಹಾಕ್ತಿದ್ರಿ?" ಎಂದರು.

"ಮಾಂಸ ಸ್ವಾಮಿ. ಬಡಕಲಾಗಿದೆ ಅಂತ ದಿನಾ ಮಾಂಸ, ಮೂಳೆ ಸಾರು."

"ಹಿಂದೆಯೂ ಹೀಗಾಗಿತ್ತಾ?"

"ಹೋದ ಕ್ರಿಸ್ಮಸ್ಸಿಗೆ ಒಂಚೂರು ತೂರಾಡಿತ್ತು. ಆಮೇಲೆ ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲ ಬಂತು. ಆ ನಲವತ್ತು ದಿನ ಚೆನ್ನಾಗೇ ಇತ್ತು. ಆಗ ನಮ್ಮನೇಲಿ ಮಾಂಸ ಮಾಡಲ್ಲ..."

ಹೇಳುತ್ತಿದ್ದ ಹಾಗೇ ಹೊಳೆಯಿತು: ಪಾಸ್ಕ ಹಬ್ಬದ ದಿನದಿಂದ ಮತ್ತೆ ಮಾಂಸ ಹಾಕಿದ್ದೆ.

ಮರುದಿನ ಬೆಳಿಗ್ಗೆ ಡಾಕ್ಟರು ಪರೀಕ್ಷೆಗೆಂದು ಅದಕ್ಕೆ ಮಾಂಸ ಹಾಕಿಸಿದರು. ಸಂಜೆಗೆ ರೋಸಿ ಬೋನಿನ ಮೂಲೆಗೆ ತಲೆ ಒತ್ತಿ ನಿಂತಿತ್ತು. ಪಕ್ಕೆಲುಬಿನ ಕೆಳಗೆ ಬೆರಳೂರಿ ಡಾಕ್ಟರು ಬಹಳ ಹೊತ್ತು ತಡಕಿದರು.

"ಲಿವರ್ ಕೈಗೇ ಸಿಗ್ತಿಲ್ಲ, ಅಷ್ಟು ಚಿಕ್ಕದು. ಮಾಂಸದಿಂದ ಹುಟ್ಟೋ ವಿಷ ಕಳೆಯೋದು ಅದರ ಕೆಲಸ. ಇದರದ್ದು ಮಾಡ್ತಿಲ್ಲ. ವಿಷ ತಲೆಗೆ ಏರ್ತದೆ."

"ವಾಸಿಯಾಗುತ್ತಾ?"

"ಇಲ್ಲಮ್ಮ. ಅನ್ನ, ಹಾಲು, ಸ್ವಲ್ಪ ಸ್ವಲ್ಪ ಕೊಡಿ. ಎಷ್ಟು ದಿವಸ ಅಂತ ಹೇಳಲಾರೆ."

ನಾನೇ ಕೈಯಾರೆ ತಿನ್ನಿಸಿದ್ದೆ. ಮೂಳೆಯಿಂದ ಒಳ್ಳೊಳ್ಳೆಯ ಚೂರುಗಳನ್ನು ಬಿಡಿಸಿ, ಆರಿಸಿ, ಬೇಡವೆಂದು ಮುಖ ತಿರುಗಿಸಿದರೂ ಮುದ್ದಿಸಿ ತಿನ್ನಿಸಿದ್ದೆ. ಬರುವಾಗ ಜಟಕಾದಲ್ಲಿ ಅತ್ತುಬಿಟ್ಟೆ. "ಬೇಕೂಂತ ಮಾಡಿದ್ಯಾ, ಬುಡು" ಎಂದರು ಅಂತೋಣಿ.

ಎರಡು ತಿಂಗಳಾಯಿತು. ಒಮ್ಮೆ ತೂರಾಡಿತು, ಸುಧಾರಿಸಿಕೊಂಡಿತು. ದಿನಕ್ಕೆ ಐದು ಸಲ ಕೆಲಸ ಬಿಟ್ಟೆದ್ದು ಹಿಡಿಯಷ್ಟು ಹಾಲನ್ನ ಕಲಸುತ್ತೇನೆ. ನಿನ್ನೆ ಮೂಸಿ ನೋಡಿ, ತಿನ್ನದೆ, ನನ್ನ ಮುಖವನ್ನೇ ನೋಡುತ್ತಾ ಕುಳಿತಿತ್ತು. ಬೈಯಲಿಲ್ಲ, ಮುದ್ದಿಸಲೂ ಇಲ್ಲ. ನಾನೂ ನೆಲದ ಮೇಲೆ ಕುಳಿತೆ. ಬಹಳ ಹೊತ್ತಿನ ಮೇಲೆ ತಾನಾಗಿ ತಿಂದಿತು.

ಆ ದಿನಕ್ಕೆ ಅಷ್ಟು ಸಾಕು ಅನ್ನಿಸಿತು.